ಓಡದ ಪ್ರೋಗ್ರಾಮಿಗೆ ಕೆಂಪು ಶಾಯಿಯ ಸಹಿ

ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಮೊದಲು ಬೇಕಾದದ್ದು ಕಂಪ್ಯೂಟರ್ ಅಲ್ಲ, ದುಂಡಗಿನ ಅಕ್ಷರ.

ಸಿ ಭಾಷೆಯ ಹೋಂವರ್ಕ್ ಎಂದರೆ ಇಲ್ಲಿ ರೆಕಾರ್ಡ್ ಬರೆಯುವುದು. ಬಲಗಡೆಯ ಗೆರೆ ಹಾಳೆಯಲ್ಲಿ ಪ್ರೋಗ್ರಾಂ. ಎಡಗಡೆಯ ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಫ್ಲೋಚಾರ್ಟ್, ಔಟ್‌ಪುಟ್. ಮಾರ್ಜಿನ್ ಸೊಟ್ಟಗಾದರೆ ವಾಪಸ್. ಇಂಡೆಕ್ಸ್ ತುಂಬದಿದ್ದರೆ ವಾಪಸ್. ಬ್ರೌನ್ ಪೇಪರ್ ಹೊದಿಕೆ ಇಲ್ಲದಿದ್ದರೂ ವಾಪಸ್. ಪ್ರೋಗ್ರಾಂ ಓಡುತ್ತದೆಯೇ? ಅದನ್ನು ಕೇಳುವವರಿಲ್ಲ.

ಮೊದಲು ಅಬ್ಸರ್ವೇಷನ್ ಪುಸ್ತಕದಲ್ಲಿ ಬರೆಯಬೇಕು. ಅದನ್ನು ನೋಡಿ ರೆಕಾರ್ಡಿಗೆ ಇಳಿಸಬೇಕು. ಇಂಟರ್ನಲ್ಸ್ ಬಂದಾಗ ಉತ್ತರ ಪತ್ರಿಕೆಯಲ್ಲಿ ಮತ್ತೊಮ್ಮೆ. ಒಂದೇ ಪ್ರೋಗ್ರಾಮನ್ನು ಇಷ್ಟು ಸಲ ನಕಲು ಮಾಡಿಸಿದ ಅದೇ ಮೇಷ್ಟ್ರು ಮರುದಿನ ಕ್ಲಾಸಿನಲ್ಲಿ ಗುಡುಗುತ್ತಾರೆ: "ಬರೀ ಕಾಪಿ ಹೊಡೀತೀರಲ್ರೋ, ಸ್ವಂತ ಬುದ್ಧಿ ಇಲ್ವಾ?"

ಇಲ್ಲ ಸಾರ್. ಸ್ವಂತ ಬುದ್ಧಿಗೆ ಇಂಡೆಕ್ಸಿನಲ್ಲಿ ಕಾಲಂ ಇಲ್ಲ.

ಅಕ್ಕನ ಮಗನ ರೆಕಾರ್ಡ್ ತಿರುವಿ ಹಾಕಿದೆ. ಮೂರು ವಿಷಯಗಳ ಅಂಕ ಓದಿಕೊಂಡು ಸರಾಸರಿ ಹೇಳುವ ಪ್ರೋಗ್ರಾಂ. ಅಂಕಗಳು 60, 65, 75. ಒಟ್ಟು 200. ಎಡಗಡೆ ಪೆನ್ಸಿಲಿನಲ್ಲಿ ಮುದ್ದಾಗಿ ಬರೆದಿದ್ದಾನೆ: ಸರಾಸರಿ 66.67. ಬಲಗಡೆಯ ಪ್ರೋಗ್ರಾಂ ನೋಡಿದರೆ ಒಟ್ಟು ಅಂಕ ಇಂಟಿಜರ್. ಭಾಗಿಸಿದ ಮೂರೂ ಇಂಟಿಜರ್. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಉದುರಿಹೋಗುತ್ತದೆ. ಆ ಪ್ರೋಗ್ರಾಂ ಈ ಜನ್ಮದಲ್ಲಿ 66.67 ಎಂದು ಹೇಳುವುದಿಲ್ಲ. 66 ಎನ್ನುತ್ತದೆ, ಬೇಕಾದರೆ ಮುಂದೆ ನಾಲ್ಕಾರು ಸೊನ್ನೆ ಸೇರಿಸುತ್ತದೆ.

ಅಂದರೆ ಹುಡುಗ ಅದನ್ನು ಓಡಿಸಿಲ್ಲ. ಕ್ಯಾಲ್ಕುಲೇಟರ್ ಒತ್ತಿ ಔಟ್‌ಪುಟ್ ಬರೆದಿದ್ದಾನೆ. ಕೆಳಗೆ ಕೆಂಪು ಶಾಯಿಯಲ್ಲಿ ಸಹಿ, ದಿನಾಂಕ, ಹತ್ತಕ್ಕೆ ಹತ್ತು. ಅಂದರೆ ಮೇಷ್ಟ್ರೂ ಓಡಿಸಿಲ್ಲ. ಇಬ್ಬರ ನಡುವೆ ಎಂಥ ಹೊಂದಾಣಿಕೆ!

"ಸೀನಿಯರ್ ರೆಕಾರ್ಡಲ್ಲೂ ಹಂಗೇ ಇತ್ತು ಮಾಮ" ಎಂದ. ಇದ್ದೀತು. ಆ ಸೀನಿಯರಿಗೆ ಅವನ ಸೀನಿಯರ್ ಕೊಟ್ಟದ್ದು. ತಪ್ಪಿಗೂ ಒಂದು ವಂಶಾವಳಿ ಬೇಡವೇ? ಅದನ್ನು ಕಾಯ್ದುಕೊಂಡು ಬರಲು ಕಾಲೇಜಿನ ಎದುರಿಗೇ ಝೆರಾಕ್ಸ್ ಅಂಗಡಿ ಇದೆ.

ಹುಡುಗರನ್ನೇನೂ ನಾನು ಬಚಾವು ಮಾಡುತ್ತಿಲ್ಲ. ಅವರು ಮಾಡುವ ತಪ್ಪುಗಳು ಸಿ ಭಾಷೆಯಷ್ಟೇ ಹಳೆಯವು. ಸ್ಕ್ಯಾನ್‌ಎಫ್‌ನಲ್ಲಿ & ಬಿಟ್ಟುಬಿಡುವುದು. ಎರಡು = ಹಾಕುವ ಕಡೆ ಒಂದೇ ಹಾಕಿ, ಹೋಲಿಸಬೇಕಾದದ್ದನ್ನು ಬದಲಾಯಿಸಿಬಿಡುವುದು. ಫಾರ್ ಲೂಪಿನ ಆವರಣ ಮುಗಿದ ಕೂಡಲೇ ಒಂದು ಸೆಮಿಕೋಲನ್ ಒತ್ತಿ, ಲೂಪ್ ಖಾಲಿ ಸುತ್ತುತ್ತಿರುವಾಗ ಕಂಪ್ಯೂಟರಿಗೆ ಬೈಯುವುದು. ಹತ್ತು ಮನೆಯ ಅರೇಯಲ್ಲಿ ಹನ್ನೊಂದನೆಯ ಮನೆಗೆ ನುಗ್ಗುವುದು. ಕಂಪೈಲರ್ ವಾರ್ನಿಂಗ್ ಕೊಟ್ಟರೆ "ಎರರ್ ಅಲ್ವಲ್ಲ, ಬಿಡೋ" ಎನ್ನುವುದು.

ಈ ತಪ್ಪುಗಳನ್ನು ಎಲ್ಲರೂ ಮಾಡುತ್ತಾರೆ. ಮಾಡಿ, ಒದ್ದಾಡಿ, ಹುಡುಕಿ ತಿದ್ದಿಕೊಳ್ಳುವುದಕ್ಕೇ ಹೋಂವರ್ಕ್ ಇರುವುದು. ಆದರೆ ರೆಕಾರ್ಡಿನಲ್ಲಿ ಕಾಟು ಹೊಡೆದರೆ ಅಂಕ ಕಟ್. ತಪ್ಪೇ ಕಾಣಬಾರದೆಂಬ ಪುಸ್ತಕದಲ್ಲಿ ತಿದ್ದಿಕೊಳ್ಳುವುದೇನನ್ನು?

ಲ್ಯಾಬಿನೊಳಗಿನ ಕಥೆ ಇನ್ನೂ ಚೆಂದ. ಇವತ್ತಿಗೂ ಎಷ್ಟೋ ಕಡೆ ಟರ್ಬೊ ಸಿ. ಆ ನೀಲಿ ಪರದೆ 1990ರ ದಶಕದ ಆರಂಭದ್ದು. ಡಾಸ್ ಸತ್ತು ಎಷ್ಟೋ ಕಾಲವಾಯಿತು. ಅದಕ್ಕೆ ಡಾಸ್‌ಬಾಕ್ಸ್ ಹಾಕಿ, ಹೆಣ ಎಬ್ಬಿಸಿ ಕೂರಿಸಿ, ಅದರ ಮುಂದೆ ಪಾಠ. ಕೋನಿಯೊ ಡಾಟ್ ಎಚ್ ಯಾಕೆ ಬೇಕು ಎಂದು ಕೇಳಿದರೆ ಉತ್ತರ: "ಹಾಕ್ಬೇಕು, ಅಷ್ಟೇ."

ಆ ಟರ್ಬೊ ಸಿ-ಯಲ್ಲಿ ಇಂಟಿಜರ್ ಹದಿನಾರು ಬಿಟ್ಟಿನದು. 32767 ದಾಟಿದರೆ ಗುಂಡಿಗೆ ಬಿತ್ತು. ಹಾಗಾಗಿ ಫ್ಯಾಕ್ಟೋರಿಯಲ್ ಪ್ರೋಗ್ರಾಮಿಗೆ 7 ಕೊಟ್ಟರೆ 5040 ಸರಿಯಾಗಿ ಬರುತ್ತದೆ. 8 ಕೊಟ್ಟರೆ ಬರಬೇಕಾದದ್ದು 40320, ಬರುವುದು ಮೈನಸ್ 25216. ಹುಡುಗನೊಬ್ಬ ಇದನ್ನು ಕಂಡು ಗಾಬರಿಯಿಂದ ಮೇಡಂ ಹತ್ತಿರ ಓಡಿದ. ಕಲಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇಡೀ ಸೆಮಿಸ್ಟರಿನಲ್ಲಿ ಇನ್ನೊಂದು ಸಿಗುವುದಿಲ್ಲ. ಮೇಡಂ ಹೇಳಿದ್ದು:

"8 ಯಾಕೆ ಕೊಟ್ಟೆ? ಮ್ಯಾನ್ಯುಯಲ್‌ನಲ್ಲಿ 5 ಇದೆ ಅಲ್ವಾ? 5 ಕೊಡು."

ಐದು ಕೊಟ್ಟ. ನೂರ ಇಪ್ಪತ್ತು ಬಂತು. ಸಹಿ ಬಿತ್ತು.

ಗೆಟ್ಸ್ ಎಂಬ ಫಂಕ್ಷನ್ನಿನ ಮೇಲಿನ ಪ್ರೀತಿಯನ್ನಂತೂ ಕೇಳಲೇಬೇಡಿ. ಎಷ್ಟು ಅಕ್ಷರ ಒಳಗೆ ಬರುತ್ತಿವೆ ಎಂದು ಅದು ನೋಡುವುದೇ ಇಲ್ಲ. 1988ರ ನವೆಂಬರಿನಲ್ಲಿ ಅಮೆರಿಕದ ಸಾವಿರಾರು ಕಂಪ್ಯೂಟರುಗಳನ್ನು ಮಲಗಿಸಿದ ಮಾರಿಸ್ ವರ್ಮ್ ಒಳನುಗ್ಗಿದ ದಾರಿಗಳಲ್ಲಿ ಇದೂ ಒಂದು. 2011ರಲ್ಲಿ ಸಿ ಭಾಷೆಯ ಮಾನಕವೇ ಅದನ್ನು ಕಿತ್ತುಹಾಕಿತು. ನಮ್ಮ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಮಾತ್ರ ಅದಕ್ಕೆ ನಿವೃತ್ತಿಯಿಲ್ಲ. ಅದೇ ಕಾಲೇಜಿನ ಸಭಾಂಗಣದಲ್ಲಿ ಸೈಬರ್ ಸೆಕ್ಯುರಿಟಿ ಕಾರ್ಯಾಗಾರದ ಬ್ಯಾನರ್ ಇರುತ್ತದೆ, ಮುಖ್ಯ ಅತಿಥಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ.

ಪ್ರಶ್ನೆಪತ್ರಿಕೆಗಳ ಜಾಣತನವನ್ನೂ ಮೆಚ್ಚಬೇಕು. ಒಂದೇ ಸಾಲಿನಲ್ಲಿ i++ ಮತ್ತು ++i ಕೂಡಿಸಿ "ಔಟ್‌ಪುಟ್ ಏನು?" ಎಂದು ಕೇಳುತ್ತಾರೆ. ಇದಕ್ಕೆ ಇಂಥದ್ದೇ ಉತ್ತರ ಬರಬೇಕೆಂಬ ಕಟ್ಟುಪಾಡಿಲ್ಲ, ಏನು ಬೇಕಾದರೂ ಆಗಬಹುದು ಎಂದು ಭಾಷೆಯ ನಿಯಮವೇ ಹೇಳುತ್ತದೆ. ಹಾಗೆಂದು ಬರೆದವನಿಗೆ ಸೊನ್ನೆ. ಗೈಡಿನಲ್ಲಿದ್ದ ಸಂಖ್ಯೆ ಬರೆದವನಿಗೆ ಎರಡಂಕ.

ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು. ಬಂದ ಪ್ರೋಗ್ರಾಂ ಗೊತ್ತಿಲ್ಲದಿದ್ದರೆ ಒಮ್ಮೆ ಬದಲಿಸಿಕೊಳ್ಳಬಹುದು, ಪ್ರೊಸೀಜರ್ ಭಾಗದ ಅಂಕ ಸೊನ್ನೆ. ವಿಟಿಯು ಪಠ್ಯಕ್ರಮದಲ್ಲೇ ಮುದ್ರಿಸಿದ ನಿಯಮವಿದು. ಬರುವ ಪ್ರೋಗ್ರಾಮುಗಳ ಪಟ್ಟಿ ಮೊದಲೇ ಗೊತ್ತು. ಹತ್ತು ಹದಿನೈದನ್ನು ಬಾಯಿಪಾಠ ಮಾಡಿದವನು ಡಿಸ್ಟಿಂಕ್ಷನ್. ಒಂದನ್ನು ಸ್ವಂತವಾಗಿ ಬರೆಯಬಲ್ಲವನು ಚೀಟಿಯ ದಯೆಯಲ್ಲಿ.

ಈಗ ಹೊಸ ಅಳಲು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹುಡುಗರು ಹೋಂವರ್ಕನ್ನೆಲ್ಲ ಅದರ ಕೈಲಿ ಮಾಡಿಸುತ್ತಾರಂತೆ. ಶಿಕ್ಷಣ ಹಾಳಾಯಿತಂತೆ. ಮೊದಲು ಸೀನಿಯರ್ ಮಾಡಿಕೊಡುತ್ತಿದ್ದ, ಈಗ ಯಂತ್ರ ಮಾಡಿಕೊಡುತ್ತಿದೆ. ಹಾಳಾದದ್ದು ಝೆರಾಕ್ಸ್ ಅಂಗಡಿಯವನ ವ್ಯಾಪಾರ ಮಾತ್ರ. ಯಂತ್ರ ಕೊಟ್ಟ ಪ್ರೋಗ್ರಾಮನ್ನೂ ಕೈಯಲ್ಲೇ ರೆಕಾರ್ಡಿಗೆ ಇಳಿಸಬೇಕು ಎನ್ನುವುದು ನಮ್ಮ ಕಾಲೇಜುಗಳು ಈ ಯುಗಕ್ಕೆ ಸಲ್ಲಿಸಿದ ಕಾಣಿಕೆ.

ಇಷ್ಟಾದ ಮೇಲೆ ಕೋರ್ಸ್ ಔಟ್‌ಕಮ್ ಲೆಕ್ಕ. "ವಿದ್ಯಾರ್ಥಿಯು ಸಮಸ್ಯೆಯನ್ನು ವಿಶ್ಲೇಷಿಸಿ ಪ್ರೋಗ್ರಾಂ ರಚಿಸಬಲ್ಲನು" ಎಂಬ ಸಾಲಿನ ಎದುರು ಎಕ್ಸೆಲ್‌ನಲ್ಲಿ ಸಾಧನೆಯ ಶೇಕಡಾವಾರು. ಮಾನ್ಯತೆ ಸಮಿತಿ ಬರುತ್ತದೆ. ಫೈಲ್ ನೋಡುತ್ತದೆ. ಊಟ ಮಾಡಿ ಹೋಗುತ್ತದೆ.

ಪ್ರಾಂಶುಪಾಲರೇ, ರೆಕಾರ್ಡ್ ನಿಲ್ಲಿಸಿ. ಐದೇ ಪ್ರೋಗ್ರಾಂ ಕೊಡಿ, ನಿಮ್ಮ ಮುಂದೆ ಬರೆಯಲಿ, ನಿಮ್ಮ ಮುಂದೆ ಕೆಡಲಿ, ಯಾಕೆ ಕೆಟ್ಟಿತೆಂದು ಅವರೇ ಹೇಳಲಿ. ಅದಕ್ಕೂ ಮೊದಲು ಆ ನೀಲಿ ಪರದೆ ಕಿತ್ತು ಒಂದು ನೆಟ್ಟಗಿನ ಕಂಪೈಲರ್ ಹಾಕಿಸಿ. ಮ್ಯಾನೇಜ್‌ಮೆಂಟ್ ದುಡ್ಡು ಕೊಡುವುದಿಲ್ಲ ಎನ್ನಬೇಡಿ. ಜಿಸಿಸಿ 1987ರಿಂದಲೂ ಪುಕ್ಕಟೆ ಸಿಗುತ್ತಿದೆ.