612ಕ್ಕೆ ಫಸ್ಟ್ ಕ್ಲಾಸು

(ಕೊಳ್ಳೇಗಾಲದ ಒಂದು ಬ್ಯಾಂಕು. ರೇಷ್ಮೆ ಮಗ್ಗದ ಯಜಮಾನರು ಸಾಲ ಕೇಳಲು ಬಂದಿದ್ದಾರೆ.)

ಮ್ಯಾನೇಜರ್: ನಿಮ್ಮ ಸಿಬಿಲ್ ಸ್ಕೋರು 612, ಯಜಮಾನ್ರೆ.

ಯಜಮಾನ: ಎಷ್ಟಕ್ಕೆ ಸಾಮಿ?

ಮ್ಯಾನೇಜರ್: 900ಕ್ಕೆ.

ಯಜಮಾನ: ಫಸ್ಟ್ ಕ್ಲಾಸು ಬುಡಿ!

ಮ್ಯಾನೇಜರ್: ಶುರುವಾಗೋದೇ 300ರಿಂದ. ಮೊಬೈಲ್ ಕಂತು ಎರಡು ಸಲ ತಡ ಆಗಿದೆ.

ಯಜಮಾನ: ಶಿವರಾತ್ರಿಗೆ ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗಿದ್ದೆ ಕನ ಸಾಮಿ. ಬಂದು ದಂಡದ ಸಮೇತ ಕಟ್ಟಿವ್ನಿ.

ಮ್ಯಾನೇಜರ್: ಕಟ್ಟಿದ್ದೂ ದಾಖಲಾಗಿದೆ, ತಡವೂ ದಾಖಲಾಗಿದೆ. ಯಳಂದೂರಿನ ಭಾವನ ಬೈಕ್ ಸಾಲಕ್ಕೆ ಜಾಮೀನು ನಿಂತಿದ್ದೀರಿ. ಅವರು ಕಟ್ಟಿಲ್ಲ.

ಯಜಮಾನ: ಆ ಗಾಡೀಲಿ ಒಂದಿನಾನೂ ಕೂತಿಲ್ಲ ನಾನು!

ಮ್ಯಾನೇಜರ್: ಗಾಡಿ ಅವರದು, ಬಾಕಿ ಇಬ್ಬರದೂ.

ಯಜಮಾನ: ಬಡ್ಡಿ ಸಾವ್ಕಾರ್ರಿಗೆ ಇಪ್ಪತ್ತು ವರ್ಸದಿಂದ ಒಂದು ವಾರಾನೂ ತಪ್ಸಿಲ್ಲ. ಅದ್ಕೆಷ್ಟು ನಂಬರು?

ಮ್ಯಾನೇಜರ್: ಅದು ಇಲ್ಲಿ ಕಾಣಿಸಲ್ಲ.

(ನೂರಕ್ಕೆ ಐದು ಬಡ್ಡಿ ತೆತ್ತ ನಿಯತ್ತಿಗೆ ಸಾಕ್ಷಿ ಸಾವ್ಕಾರರ ಚೀಟಿ ಪುಸ್ತಕ ಒಂದೇ.)

ಯಜಮಾನ: ಬೇರೆ ನಾಕು ಬ್ಯಾಂಕಲ್ಲಿ ಕೇಳ್ತೀನಿ, ಬುಡಿ.

ಮ್ಯಾನೇಜರ್: ಒಟ್ಟೊಟ್ಟಿಗೆ ಅರ್ಜಿ ಹಾಕಿದರೆ ಸ್ಕೋರು ಇನ್ನೂ ಇಳಿಯಬಹುದು. 2017ರಿಂದ ವರ್ಷಕ್ಕೊಂದು ಸಿಬಿಲ್ ವರದಿ ಪುಕ್ಕಟೆ. ನೀವೇ ನೋಡಿಕೊಂಡರೆ ಇಳಿಯಲ್ಲ, ಅರ್ಜಿ ಮೇಲೆ ಬ್ಯಾಂಕು ನೋಡಿದರೆ ಲೆಕ್ಕಕ್ಕೆ ಬರುತ್ತೆ.

ಯಜಮಾನ: ಈಗ ನೀವು ನೋಡುದ್ರಲ್ಲ?

ಮ್ಯಾನೇಜರ್: ಹೂಂ, ಅದೂ ಸೇರುತ್ತೆ.

ಯಜಮಾನ: ಅಯ್ಯೋ, ಕಣ್ ಮುಚ್ಕೊಳಿ ಸಾಮಿ!