ಬ್ಯಾರಲ್ಲಿನೊಳಗಿನ ಹೂರಣ

ಕಡ್ಲಿ, ಬೆಲ್ಲ ಎರಡೂ ಕೂಡಿದವೆಂದರೆ ಧಾರವಾಡ ಸೀಮೆಯವನಿಗೆ ಹೋಳಿಗೆಯ ವಾಸನೆ ಬರಬೇಕು. ಈಚೆಗೆ ಬರುತ್ತಿರುವುದು ಬೇರೆಯ ವಾಸನೆ. 2 ಕಿಲೋ ಬೆಲ್ಲ, 2 ಕಿಲೋ ಕಡ್ಲಿ ಹಿಟ್ಟು, 10 ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಬದುವಿನ ಮೇಲಿನ ಒಂದು ಹಿಡಿ ಮಣ್ಣು. ಇಷ್ಟನ್ನೂ 200 ಲೀಟರ್ ನೀರಿನ ಬ್ಯಾರಲ್ಲಿಗೆ ಹಾಕಿ, ನೆರಳಿಗಿಟ್ಟು, ಗೋಣಿಚೀಲ ಮುಚ್ಚಿ, ಹೊತ್ತಿಗೊಮ್ಮೆ ಕೋಲಿನಿಂದ ತಿರುವಿದರೆ 48 ತಾಸಿಗೆ ಬುರುಗು ಏಳುತ್ತದೆ. ಒಂದು ಎಕರೆಗೆ ಸಾಲುವ ಜೀವಾಮೃತ ತಯಾರು. ಸಮುದ್ರ ಕಡೆದಾಗ ಅಮೃತಕ್ಕಿಂತ ಮೊದಲು ವಿಷ ಬಂತಂತೆ. ಇಲ್ಲಿ ಮೊದಲು ನೆರೆಮನೆಯವರು ಬರುತ್ತಾರೆ. ತಿನ್ನುವ ಬೆಲ್ಲ ಮಣ್ಣಿಗೆ ಸುರಿಯುವುದೇ ಎಂದು ಹಿರಿಯರು ಗೊಣಗುವುದೂ ಉಂಟು. ಆದರೆ ಶೀಗಿ ಹುಣ್ಣಿವಿಯ ದಿನ ಹೋಳಿಗೆ, ಕಡಬುಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಲದ ತುಂಬ ಚರಗ ಚೆಲ್ಲಿದವರು ಅವರೇ ಅಲ್ಲವೇ? ಹೊಲಕ್ಕೆ ಉಣ್ಣಿಸುವುದು ನಮಗೆ ಹೊಸದಲ್ಲ. ವರ್ಷಕ್ಕೊಮ್ಮೆ ಇದ್ದ ಊಟವನ್ನು ವಿದರ್ಭದ ಸುಭಾಷ್ ಪಾಳೇಕರ್ ಹದಿನೈದು ದಿನಕ್ಕೊಮ್ಮೆ ಮಾಡಿದರು. ಸರಕಾರ ಅವರಿಗೆ 2016ರಲ್ಲಿ ಪದ್ಮಶ್ರೀ ಕೊಟ್ಟಿತು.

ಗಟ್ಟಿ ಆಕ್ಷೇಪ ವಾಸನೆಯದಲ್ಲ, ಲೆಕ್ಕದ್ದು. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಶೇ 46, ಅಂದರೆ 20 ಕಿಲೋಗೂ ಮೇಲೆ. ಬ್ಯಾರಲ್ಲಿನಲ್ಲಿ ಎಷ್ಟು? ಹಸಿ ಸಗಣಿಯಲ್ಲಿ ನೂರಕ್ಕೆ ಅರೆಪಾಲೂ ದಾಟುವುದು ಕಷ್ಟ. ಗಂಜಲದಿಂದ ನೂರು ಗ್ರಾಂ, ಹಿಟ್ಟಿನಿಂದ ಅರವತ್ತು-ಎಪ್ಪತ್ತು ಎಂದು ಕೈ ಬಿಚ್ಚಿ ಲೆಕ್ಕ ಹಾಕಿದರೂ ಒಟ್ಟು ಕಾಲು ಕಿಲೋ ಮುಟ್ಟುವುದಿಲ್ಲ. ಇದನ್ನು ಗೊಬ್ಬರ ಎಂದು ಕರೆದರೆ ನಿಂಬೆಹಣ್ಣಿನ ಶರಬತ್ತನ್ನು ಊಟ ಎಂದ ಹಾಗೆ. ಲೆಕ್ಕ ಹಾಕಿದವರು ಇಲ್ಲಿಗೆ ಪೆನ್ನು ಮುಚ್ಚಿ ಗೆದ್ದೆವೆನ್ನುತ್ತಾರೆ. ನನ್ನ ತಕರಾರು ಇಲ್ಲೇ ಇದೆ. ಒಂದು ಚಮಚ ಹೆಪ್ಪನ್ನು ತಕ್ಕಡಿಗಿಟ್ಟು, ಇಷ್ಟರಿಂದ ಮನೆಮಂದಿಗೆಲ್ಲ ಮೊಸರು ಹೇಗೆ ಸಾಲೀತು ಎಂದು ಯಾರೂ ಕೇಳುವುದಿಲ್ಲ. ಬ್ಯಾರಲ್ಲಿನಲ್ಲಿರುವುದೂ ಹೆಪ್ಪೇ. ಸಗಣಿಯ ಮತ್ತು ಬದುವಿನ ಮಣ್ಣಿನ ಸೂಕ್ಷ್ಮಜೀವಿಗಳು ಬೆಲ್ಲ ತಿಂದು, ಹಿಟ್ಟು ತಿಂದು ಎರಡು ದಿನದಲ್ಲಿ ಬೆಳೆದು ನಿಂತಿರುತ್ತವೆ. ಹೊಲಕ್ಕೆ ಹೋಗಿ ಅಲ್ಲಿರುವುದನ್ನು ಕೊಳೆಯಿಸಿ ಬೇರಿಗೆ ಬಡಿಸುವುದು ಅವುಗಳ ಕೆಲಸ.

ಹೆಪ್ಪು ಎಂದೊಪ್ಪಿದ ಮೇಲೆ ಮಾತು ಜೀವಾಮೃತದ ಭಕ್ತರ ಕಡೆಗೂ ತಿರುಗುತ್ತದೆ. ಹಾಲೆಲ್ಲಿ? ಬರೀ ಪಾತ್ರೆಗೆ ಹೆಪ್ಪು ಹಾಕಿ ರಾತ್ರಿಯೆಲ್ಲ ಕಾದರೆ ಬೆಳಿಗ್ಗೆ ಸಿಗುವುದು ಹುಳಿ ಪಾತ್ರೆ. ನಮ್ಮ ಎರಿ ಹೊಲ ಕಪ್ಪಗಿದೆಯೆಂದು ಸಾವಯವ ಅಂಶ ತುಂಬಿದೆ ಎಂದುಕೊಳ್ಳುವಂತಿಲ್ಲ. ಬಣ್ಣ ನೋಡಿ ಮರುಳಾಗುವ ಕಾಯಿಲೆ ವಧೂವರರ ವಿಷಯಕ್ಕಷ್ಟೇ ಸೀಮಿತವಲ್ಲ. ಈ ನೆಲದಲ್ಲಿ ಪೊಟ್ಯಾಶು ಸಾಕಷ್ಟಿದೆ, ಕೊಳೆಯುವ ಕಸಕಡ್ಡಿಯೇ ಕಡಿಮೆ. ಇದ್ದದ್ದನ್ನೂ ನಾವು ಬಿಡುವುದಿಲ್ಲ. ಹೆಸರಿನ ಹೊಟ್ಟು ಮಾರುತ್ತೇವೆ, ಹತ್ತಿ ಕಟಗಿ ಒಲೆಗೆ ಹಾಕುತ್ತೇವೆ, ಗೋವಿನಜೋಳದ ದಂಟಿಗೆ ಬೆಂಕಿ ಕೊಡುತ್ತೇವೆ, ಆಮೇಲೆ ಅದೇ ಬೂದಿಯ ಮೇಲೆ ಅಮೃತ ಚಿಮುಕಿಸುತ್ತೇವೆ. ಕಲಘಟಗಿಯವರಿಗೆ ಕಾಡು ಹತ್ತಿರ, ಸೊಪ್ಪು ಉಂಟು. ಕಣ್ಣು ಹಾಯಿಸಿದಷ್ಟೂ ಬಯಲಾದ ನವಲಗುಂದದವರು ತಮ್ಮ ಹೊಲದ ಕಸವನ್ನೇ ತಿಪ್ಪಿಗೆ ಹಾಕಬೇಕು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಹೋದವು, ಎತ್ತಿನ ಹಿಂದೆ ತಿಪ್ಪಿಯೂ ಸಣ್ಣದಾಯಿತು. ಟ್ರ್ಯಾಕ್ಟರ್ ಎಷ್ಟು ಡೀಸೆಲ್ ಕುಡಿದರೂ ಸಗಣಿ ಹಾಕುವುದಿಲ್ಲ. ಜವಾರಿ ಆಕಳದ್ದೇ ಸಗಣಿ ಆಗಬೇಕೆಂಬ ಮಡಿ ಬೇರೆ. ಧಾರವಾಡಿ ಎಮ್ಮೆಯ ಹಾಲು ಪೇಢೆಗೆ ಆಗುತ್ತದೆ, ಸಗಣಿ ಮಾತ್ರ ಪಂಕ್ತಿಗೆ ಬರಬಾರದೇ? ಮನೆಯಲ್ಲಿ ಕಟ್ಟಿದ ಎಮ್ಮೆಯನ್ನು ಬಿಟ್ಟು ಇಲ್ಲದ ಆಕಳನ್ನು ಹುಡುಕುತ್ತ ಕೂತರೆ ಬ್ಯಾರಲ್ಲು ಖಾಲಿಯೇ ಉಳಿಯುತ್ತದೆ.

ಹಾಗಾದರೆ ಯೂರಿಯಾ ಇವತ್ತೇ ಬಿಡಬೇಕೋ ಎಂದು ಕೇಳಿದರೆ ನನ್ನ ಉತ್ತರ ಬೆಳೆಯ ಮೇಲೆ ಹೋಗುತ್ತದೆ. ಕಡ್ಲಿ, ಹೆಸರು ತಮ್ಮ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಬಹುಮಟ್ಟಿಗೆ ತಾವೇ ಮಾಡಿಕೊಳ್ಳುತ್ತವೆ. ಅಲ್ಲಿ ಧೈರ್ಯ ಮಾಡಬಹುದು. ಗೋವಿನಜೋಳ ಹೊಟ್ಟೆಬಾಕ. ಕುಂದಗೋಳದ ಮೆಣಸಿನಕಾಯಿಯೂ ಉಪವಾಸ ಇರುವ ಪೈಕಿ ಅಲ್ಲ. ಚಕ್ಕಡಿಗಟ್ಟಲೆ ತಿಪ್ಪಿಗೊಬ್ಬರ ಹಾಕದೆ ಇವೆರಡನ್ನು ಬ್ಯಾರಲ್ಲಿನ ಪಾಲಿಗೆ ಬಿಟ್ಟವನು ಸುಗ್ಗಿಯಲ್ಲಿ ಅಮೃತಕ್ಕೂ ಆಕಳಿಗೂ ಸೇರಿಸಿ ಬೈಯುತ್ತಾನೆ.

ಹುಳದ ಮದ್ದಿನ ಕತೆ ಇನ್ನೂ ಖಾರ. ನಮ್ಮಲ್ಲಿ ಯಾವ ಔಷಧ ಸಿಂಪಡಿಸಿದರೂ ಅದು ‘ಎಣ್ಣಿ ಹೊಡೆಯೂದು’. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಬೇವಿನೆಲೆ, ತಂಬಾಕು ಹಾಕಿ ಗಂಜಲದಲ್ಲಿ ಕುದಿಸುವ ಅಗ್ನಿಅಸ್ತ್ರ ಹುಳಕ್ಕೆ ತಾಗುವ ಮೊದಲು ಓಣಿಗೆಲ್ಲ ಕೆಮ್ಮು ತರಿಸುತ್ತದೆ. ಮನೆಯಲ್ಲಿ ಮಾಡಿದ್ದು, ಏನೂ ಆಗುವುದಿಲ್ಲ ಎನ್ನುವವರು ಗಮನಿಸಬೇಕು: ತಂಬಾಕಿನ ನಿಕೋಟಿನ್ ಯಾವ ಒಲೆಯ ಮೇಲೆ ಕುದ್ದರೂ ವಿಷವೇ. ಬಾಯಿಗೆ ಬಟ್ಟೆ, ಕೈಗೆ ಚೀಲ ಇಲ್ಲಿಯೂ ಬೇಕು. ನನ್ನ ಮತ ಬೇವಿನ ಬೀಜದ ಕಷಾಯಕ್ಕೆ. ಸಿಪ್ಪೆ ತೆಗೆದ 5 ಕಿಲೋ ಬೀಜ ಕುಟ್ಟಿ, ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಹಳೆಯ ಧೋತರದಲ್ಲಿ ಸೋಸಿ, ಒಂದಿಷ್ಟು ಸಾಬೂನು ಕದಡಿ 100 ಲೀಟರ್ ಮಾಡಿ ಹೊಡೆಯುವುದು. ಸೋಸುವಾಗ ಅವಸರ ಮಾಡಿದರೆ ಪಂಪಿನ ನಾಝಲ್ ಕಟ್ಟಿಕೊಂಡು, ಹೊಲದ ನಡುವೆ ನಿಂತು ಕಡ್ಡಿಯಿಂದ ಚುಚ್ಚುತ್ತ ಹೊತ್ತು ಹೋಗುತ್ತದೆ. ಹೊಡೆಯುವುದು ಸಂಜೆಗೇ, ಏಕೆಂದರೆ ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ.

‘ಹೊಡದ್ವಿ, ಕೀಡಿ ಸಾಯಲೇ ಇಲ್ಲ’ ಎಂಬ ದೂರು ಖಾಯಂ. ಅಂಗಡಿಯ ಎಣ್ಣಿಗೆ ಹುಳ ಪಟಪಟ ಉದುರುವುದನ್ನು ಕಂಡ ಕಣ್ಣಿಗೆ ಇದು ಮೋಸವೆನಿಸುವುದು ಸಹಜ. ಬೇವು ಕೊಲೆ ಮಾಡುವುದಿಲ್ಲ, ಊಟ ಕೆಡಿಸುತ್ತದೆ. ಎಲೆ ಕಹಿಯಾಗಿ ಹುಳ ಬಾಯಿ ಹಿಂದೆಗೆಯುತ್ತದೆ. ತಿಂದದ್ದು ಪೊರೆ ಬಿಡಲಾರದೆ ಸೊರಗುತ್ತದೆ. ಮರಿ ಹುಳಕ್ಕೆ ಇದು ಸಾಕು. ಕಡ್ಲಿ ಕಾಯಿಯೊಳಗೆ ತಲೆ ತೂರಿಸಿ ಬೆರಳುದ್ದ ಬೆಳೆದ ಕೊರಕನಿಗೆ ಬೇವು ಉಪ್ಪಿನಕಾಯಿಯ ಹಾಗೆ. ಅಂದರೆ ದಿನವೂ ಹೊಲಕ್ಕೆ ಹೋಗಿ ಎಲೆ ಮಗುಚಿ ಮೊಟ್ಟೆ ಹುಡುಕುವ ತಾಳ್ಮೆ ಬೇಕು, ಅದು ಯಾವ ಅಂಗಡಿಯಲ್ಲೂ ಸಿಗದ ಸರಕು. ಬೇವಿನ ಗಿಡಕ್ಕೂ ತನ್ನದೇ ವೇಳಾಪಟ್ಟಿ ಇದೆ. ಹಣ್ಣು ಉದುರುವುದು ಮುಂಗಾರಿನ ಹೊತ್ತಿಗೆ, ಹೆಸರು ಬಿತ್ತುವ ಗಡಿಬಿಡಿಯಲ್ಲಿ. ಆಗ ಅವು ಕಾಲಿಗೆ ಅಂಟುವ ಕಸ. ಕಸಬರಿಗೆಯಲ್ಲಿ ಗುಡಿಸಿ ಆಚೆ ಹಾಕುತ್ತೇವೆ. ಕಡ್ಲಿ ಕಾಯಿಗಟ್ಟಿ ಕೀಡಿ ಬಿದ್ದ ಚಳಿಗಾಲದಲ್ಲಿ ಬುಟ್ಟಿ ಹಿಡಿದು ಗಿಡದ ಕೆಳಗೆ ಬಂದು ನಿಂತರೆ, ಮೇಲೆ ಎಲೆ ಮಾತ್ರ ಅಲ್ಲಾಡುತ್ತಿರುತ್ತದೆ.