ಅಥಾತೋ ಟೈರು ಜಿಜ್ಞಾಸಾ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಡ್ರ್ಯಾಗ್ ರೇಡಿಯಲ್ ಟೈರು. ಪ್ರಯೋಜನ: ಕಾಲು ಮೈಲಿಯನ್ನು, ಎಂದರೆ 402 ಮೀಟರನ್ನು, ಪಕ್ಕದವನಿಗಿಂತ ಕೂದಲೆಳೆಯಷ್ಟು ಬೇಗ ಮುಗಿಸುವುದು. ಮುಗಿಸಿ ಏನು ಮಾಡುತ್ತೀರಿ ಎಂದು ಕೇಳುವುದು ಅಶಾಸ್ತ್ರೀಯ. ಸಂಬಂಧ: ಟೈರಿಗೂ ಟಾರಿಗೂ. ಅಧಿಕಾರಿ: ಮನೆ ಸಾಲ ತೀರುವ ಮೊದಲೇ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಿಕೊಂಡ ಅಮೆರಿಕದ ಗೃಹಸ್ಥ.

ಈಗ ಪೂರ್ವಪಕ್ಷ. ‘ಎಂಟುನೂರು ಕುದುರೆ ಕಟ್ಟಿದ್ದೇನೆ, ಗಾಡಿ ಓಡಲೇಬೇಕು’ ಎನ್ನುತ್ತಾರೆ ಎಂಜಿನ್‌ವಾದಿಗಳು. ಹಸಿರು ದೀಪ ಹತ್ತಿದೊಡನೆ ಈ ವಾದ ಅಕ್ಷರಶಃ ಹೊಗೆಯಾಗಿ ಹೋಗುತ್ತದೆ. ಅಷ್ಟೂ ಕುದುರೆಗಳು ಕಾಲೂರಬೇಕಾದದ್ದು ಹಿಂದಿನ ಎರಡು ಟೈರು ನೆಲಕ್ಕೆ ತಾಗುವ ಚೂರು ಜಾಗದಲ್ಲಿ. ಹಿಡಿತ ತಪ್ಪಿದ ಶಕ್ತಿಗೆ ಉಳಿಯುವುದು ಶಬ್ದಪ್ರಮಾಣ ಒಂದೇ.

ಮತಗಳು ಮೂರು. ಸಾಮಾನ್ಯ ಟೈರು ದ್ವೈತಿ. ರಸ್ತೆ ಬೇರೆ, ತಾನು ಬೇರೆ. ಸ್ಲಿಕ್ ಅದ್ವೈತಿ: ಗೆರೆಯಿಲ್ಲ, ಗುಣವಿಲ್ಲ, ಅಂಟು ಬಳಿದ ಟ್ರ್ಯಾಕಿನಲ್ಲಿ ಲೀನವಾಗುತ್ತದೆ, ಬೀದಿಯ ಪೊಲೀಸರು ಮಾತ್ರ ಈ ಮತವನ್ನು ಒಪ್ಪುವುದಿಲ್ಲ. ಡ್ರ್ಯಾಗ್ ರೇಡಿಯಲ್ ವಿಶಿಷ್ಟಾದ್ವೈತಿ. ಐಕ್ಯವೂ ಉಂಟು, ಸಾರಿಗೆ ಇಲಾಖೆಯ ಸಮಾಧಾನಕ್ಕೆಂದು ನಾಲ್ಕು ಗೆರೆಯೂ ಉಂಟು.

ಸ್ಲಿಕ್‌ಗಳಲ್ಲಿ ಹೆಚ್ಚಿನವು ಬಯಾಸ್ ಪ್ಲೈ, ಎಂದರೆ ಒಳಗಿನ ದಾರವನ್ನು ಓರೆಯಾಗಿ ಹೆಣೆದವು. ಅದರ ಪಕ್ಕೆ ಮೆತ್ತಗೆ. ಹೊರಡುವಾಗ ಸುಕ್ಕುಗಟ್ಟಿ ಪೆಟ್ಟನ್ನು ನುಂಗುತ್ತದೆ, ತುಸು ಜಾರಿದರೂ ಮತ್ತೆ ಹಿಡಿಯುತ್ತದೆ. ರೇಡಿಯಲ್ಲಿನ ಪಕ್ಕೆ ಬಿಗಿ. ಹಿಡಿದರೆ ನೇರ ಓಟ, ಕೊನೆಯ ವೇಗದಲ್ಲೂ ಅಲುಗಾಟವಿಲ್ಲ. ಒಮ್ಮೆ ಜಾರಿತೋ, ಕ್ಷಮಾಗುಣವೇ ಇಲ್ಲ. ಪ್ರಾಯಶ್ಚಿತ್ತ ಒಂದೇ: ಆಕ್ಸಿಲರೇಟರಿನಿಂದ ಕಾಲು ತೆಗೆದು, ಪಕ್ಕದವನ ಹಿಂದೀಪ ನೋಡುವುದು.

ನಿದರ್ಶನ: 2018ರ ಡಾಡ್ಜ್ ಚಾಲೆಂಜರ್ ಡೀಮನ್. 840 ಕುದುರೆ, ಕಾರ್ಖಾನೆಯಿಂದಲೇ 315/40ಆರ್18 ಅಳತೆಯ ನಿಟ್ಟೊ ಕಂಪನಿಯ ಡ್ರ್ಯಾಗ್ ರೇಡಿಯಲ್, ಕಾಲು ಮೈಲಿ 9.65 ಸೆಕೆಂಡು. ಒಳಗೆ ರಕ್ಷಣಾ ಪಂಜರವಿಲ್ಲದೆ ಇಷ್ಟು ಜೋರಾಗಿ ಓಡಬಾರದೆಂದು ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ತಕರಾರು ತೆಗೆಯಿತು. ಕಾರಿನ ಜೊತೆ ಬರುತ್ತಿದ್ದದ್ದು ಚಾಲಕನ ಸೀಟು ಮಾತ್ರ. ಪಕ್ಕದ ಸೀಟು ಬೇಕಾದರೆ ಒಂದು ಡಾಲರ್ ಹೆಚ್ಚು. ದಾಂಪತ್ಯಕ್ಕೆ ಇಷ್ಟು ನಿಖರವಾಗಿ ಬೆಲೆ ಕಟ್ಟಿದ ಗ್ರಂಥ ಇನ್ನೊಂದಿಲ್ಲ. 2023ರ ಡೀಮನ್ 170ಕ್ಕೆ 1,025 ಕುದುರೆ ಬಂದಾಗ ಹಿಂದಿನ ರಿಮ್ಮನ್ನು 17 ಇಂಚಿಗೆ ಇಳಿಸಿ ಟೈರಿನ ಪಕ್ಕೆ ಎತ್ತರಿಸಿದರು. ದೊಡ್ಡ ರಿಮ್ಮು ಶೋಕಿಗೆ, ಎತ್ತರದ ಪಕ್ಕೆ ಓಟಕ್ಕೆ ಎಂಬ ಸೂತ್ರಕ್ಕೆ ಇದಕ್ಕಿಂತ ಬೇರೆ ಭಾಷ್ಯ ಬೇಡ. ಹಳಬರ ನೆಚ್ಚಿನ 275/60ಆರ್15 ಹಾಕುವ ಆಸೆ ಎಲ್ಲರಿಗೂ ಇದೆ. ಆದರೆ ಈಗಿನ ಇಂಥ ಹೆಚ್ಚಿನ ಕಾರುಗಳ ಬ್ರೇಕೇ 15 ಇಂಚಿನ ರಿಮ್ಮಿನೊಳಗೆ ಹಿಡಿಸುವುದಿಲ್ಲ.

ಕರ್ಮಕಾಂಡ. ಟೈರು ತೋಯಿಸಲೆಂದು ಹೊರಡುವ ಗೀಟಿನ ಹಿಂದೆ ಇರುವ ನೀರಿನ ಮಡುವಿಗೆ ಸ್ಲಿಕ್‌ನವರು ನೇರ ಇಳಿಯಬಹುದು. ಗೆರೆಯ ಟೈರಿನವರು ಸುತ್ತಿ ಬರಬೇಕು. ಗೆರೆಯೊಳಗೆ ನಿಂತ ನೀರು ಹೊರಡುವ ಗೀಟಿನ ಮೇಲೇ ತೊಟ್ಟಿಕ್ಕುತ್ತದೆ, ಹಿಂದಿನವರು ಬೈಯುತ್ತಾರೆ. ಬಳಿಕ ಧೂಪ: ಚಕ್ರ ತಿರುಗಿಸಿ ರಬ್ಬರ್ ಕಾಯಿಸುವುದು. ಗಾಳಿ ಹದಿನೈದು ಇಪ್ಪತ್ತು ಪಿಎಸ್‌ಐ. ಓಟ ಮುಗಿದ ಮೇಲೆ ಕಾದ ರಬ್ಬರು ದಾರಿಯ ಜಲ್ಲಿಯನ್ನೆಲ್ಲ ಎತ್ತಿಕೊಂಡು ಮಡ್‌ಗಾರ್ಡಿಗೆ ಟಪಟಪ ಹೊಡೆಯುತ್ತ ಬರುತ್ತದೆ. ಮತ್ತೆ ಗಾಳಿ ತುಂಬದೆ ಹೈವೇಗೆ ಹೋದವರ ಕಾರು ಬಾಲ ಆಡಿಸುತ್ತದೆ.

ಸವೆತಕ್ಕೆ ಅಮೆರಿಕ ಸರ್ಕಾರದ ಅಂಕಪದ್ಧತಿ ಉಂಟು. ಡೀಮನ್ನಿನ ಆ ನಿಟ್ಟೊಗೆ ಸಿಕ್ಕಿದ್ದು 00. ಶೂನ್ಯವಾದಿಗಳು ಇಷ್ಟು ದಿಟ್ಟವಾಗಿ ಬರೆದುಕೊಂಡದ್ದಿಲ್ಲ. ಮಳೆ ಬಂದರೆ ಟೈರು ನೀರಿನ ಮೇಲೆ ತೇಲುತ್ತದೆ, ಹಿಮಗಟ್ಟುವ ಚಳಿಯಲ್ಲಿ ರಬ್ಬರ್ ಬಿರಿಯಲೂಬಹುದು. ಆದ್ದರಿಂದ ಕುದುರೆ ಎಣಿಸುವ ಮೊದಲು ಟ್ರ್ಯಾಕು ಮನೆಯಿಂದ ಎಷ್ಟು ದೂರ, ದಾರಿಯಲ್ಲಿ ಮೋಡ ಎಷ್ಟು ಎಂದು ಲೆಕ್ಕ ಹಾಕಬೇಕು ಎಂಬುದೇ ಸಿದ್ಧಾಂತ.

ಇದನ್ನೊಪ್ಪದ ಇನ್ನೊಂದು ಪಂಥವಿದೆ. ಅವರು ಸಾದಾ ಟೈರಿನಲ್ಲೇ ಹೋಗಿ, ಹಿಂದಿನ ಸೀಟಿನಲ್ಲಿ ಹೇರಿಕೊಂಡು ಬಂದ ಡ್ರ್ಯಾಗ್ ರೇಡಿಯಲ್ಲನ್ನು ಟ್ರ್ಯಾಕಿನಲ್ಲೇ ಬದಲಾಯಿಸುತ್ತಾರೆ. ಶಾಸ್ತ್ರದಲ್ಲಿ ದೋಷವಿಲ್ಲ, ಜಾಕೂ ಸೊಂಟವೂ ಗಟ್ಟಿಯಿರಬೇಕು.